ಚಿತ್ರ ಬರೆದ ಕೈ, ಬೆಲೆ ಹೇಳುವ ಬಾಯಿ

ವೇದಿಕೆ ಹತ್ತಿದಾಗ ಕಾಲು ನಡುಗುವುದಕ್ಕೆ ಕನ್ನಡದಲ್ಲಿ ‘ಸಭಾಕಂಪ’ ಎಂಬ ಪದವಿದೆ. ಆದರೆ ತಾನೇ ಬರೆದ ಚಿತ್ರವನ್ನು ಬಯಲಿನಲ್ಲಿ ಮುಂದಿಟ್ಟುಕೊಂಡು ಕುಳಿತು, ‘ಎಷ್ಟು?’ ಎಂದು ಕೇಳಿದವರಿಗೆ ಉತ್ತರ ಹೇಳಲಾರದೆ ತಡವರಿಸುವ ಕಲಾವಿದನ ಅವಸ್ಥೆಗೆ ಇನ್ನೂ ಹೆಸರು ಬಿದ್ದಿಲ್ಲ. ಲಕ್ಷಣಗಳೇನೋ ಎರಡಕ್ಕೂ ಒಂದೇ. ಎದೆ ಡವಡವ ಎನ್ನುತ್ತದೆ, ಬಾಯಿ ಒಣಗುತ್ತದೆ, ಅಂಗೈ ಬೆವರುತ್ತದೆ. ಭಾಷಣಕಾರನಾದರೆ ನಾಲ್ಕು ಮಾತು ಆಡಿ ಕೆಳಗಿಳಿಯಬಹುದು. ಸಂತೆಯಲ್ಲಿ ಕುಳಿತವನು ಬೆಳಿಗ್ಗೆಯಿಂದ ಸಂಜೆಯವರೆಗೆ ಬಂದವರೆಲ್ಲರ ಕಣ್ಣಿಗೆ ಬೀಳುತ್ತಲೇ ಇರಬೇಕು.

ಈ ಪರೀಕ್ಷೆ ನಮ್ಮಲ್ಲಿ ವರ್ಷಕ್ಕೊಮ್ಮೆ ದೊಡ್ಡ ಪ್ರಮಾಣದಲ್ಲಿ ನಡೆಯುವುದು ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ. ಕರ್ನಾಟಕ ಚಿತ್ರಕಲಾ ಪರಿಷತ್ತು ಅಲ್ಲಿ ‘ಚಿತ್ರಸಂತೆ’ ಆರಂಭಿಸಿತು. ಸಾಮಾನ್ಯವಾಗಿ ಜನವರಿಯ ಒಂದು ಭಾನುವಾರ ವಾಹನಗಳನ್ನು ತಡೆದು ರಸ್ತೆಯನ್ನು ಕಲಾವಿದರಿಗೆ ಬಿಟ್ಟುಕೊಡಲಾಗುತ್ತದೆ. ನೂರಾರು ರೂಪಾಯಿಯ ಪುಟ್ಟ ಚಿತ್ರದಿಂದ ಲಕ್ಷಾಂತರ ರೂಪಾಯಿಯ ಕ್ಯಾನ್‌ವಾಸ್‌ವರೆಗೆ ಎಲ್ಲವೂ ಪಾದಚಾರಿ ಮಾರ್ಗದಲ್ಲೇ ಸಿಗುತ್ತವೆ. ನಡುವೆ ದಲ್ಲಾಳಿ ಇರುವುದಿಲ್ಲ. ಬಂದ ಹಣ ಕಲಾವಿದನಿಗೇ ಸೇರುತ್ತದೆ.

ಈ ರಸ್ತೆಗೆ ಕೋಲಾರ ಚಿನ್ನದ ಗಣಿಯಿಂದ ಹೊರಡುವ ಕಲಾವಿದನ ದಾರಿಯನ್ನು ಊಹಿಸಿ ನೋಡಿ. ನಸುಕಿನಲ್ಲೇ ಎದ್ದು, ಬಟ್ಟೆ ಸುತ್ತಿದ ಚೌಕಟ್ಟುಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಮಾರಿಕುಪ್ಪಂನಲ್ಲಿ ರೈಲು ಹತ್ತಬೇಕು. ಚಾಂಪಿಯನ್, ಊರಿಗಾಂ, ಕೋರಮಂಡಲ ದಾಟಿ ಬಂಗಾರಪೇಟೆ, ಅಲ್ಲಿಂದ ಮುಂದೆ ಬೆಂಗಳೂರು. ಗಣಿಗಾಗಿಯೇ 1894ರಲ್ಲಿ ಹಾಕಿದ ಈ ಕವಲು ಹಳಿಯ ಮೇಲೆ ಈಗ ಹೆಚ್ಚಾಗಿ ಓಡಾಡುವವರು ಬೆಂಗಳೂರಿನ ಕೆಲಸಕ್ಕೆ ಹೋಗಿ ರಾತ್ರಿ ಹಿಂದಿರುಗುವ ಜನ. ಅವರ ಸಂಬಳ ಮೊದಲೇ ಗೊತ್ತಾಗಿರುತ್ತದೆ. ಚಿತ್ರ ಹೊತ್ತವನಿಗೆ ಮಾತ್ರ ಸಂಜೆ ಎಷ್ಟು ಕೈಗೆ ಬರುತ್ತದೆಂಬುದು ತಿಳಿಯದು. ಅವನ ಅಳುಕನ್ನು ಸ್ವಭಾವದ ದೌರ್ಬಲ್ಯ ಎಂದುಬಿಡುವುದು ಸುಲಭ. ಆದರೆ ಆ ಅಳುಕಿಗೂ ಒಂದು ಇತಿಹಾಸವಿದೆ.

ಕೇಳಿ ಮಾಡಿಸುತ್ತಿದ್ದ ಕಾಲ

ಕೋಲಾರ ಜಿಲ್ಲೆಯದೇ ಉದಾಹರಣೆ ಬೇಕೆಂದರೆ ಮಾಲೂರು ತಾಲ್ಲೂಕಿನ ಶಿವಾರಪಟ್ಟಣಕ್ಕೆ ಹೋಗಬೇಕು. ಬೀದಿಬೀದಿಯಲ್ಲಿ ಉಳಿಯ ಸದ್ದು ಕೇಳುವ ಶಿಲ್ಪಿಗಳ ಊರು ಅದು. ದೇವಸ್ಥಾನದವರು ಬರುತ್ತಾರೆ, ಯಾವ ದೇವರು, ಎಷ್ಟು ಅಡಿ, ಯಾವ ಕಲ್ಲು ಎಂದು ಮಾತಾಗುತ್ತದೆ, ಮುಂಗಡ ಕೊಡುತ್ತಾರೆ. ಕಲ್ಲಿಗೆ ಉಳಿ ಬೀಳುವ ಮೊದಲೇ ವಿಗ್ರಹಕ್ಕೆ ಒಡೆಯರು ಇದ್ದಾರೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಹಬ್ಬ, ಜಾತ್ರೆಗಳಿಗೆ ಮರದ ದೇವತೆಗಳನ್ನು ಮಾಡಿಕೊಟ್ಟಿದ್ದೂ ಹೆಚ್ಚುಕಡಿಮೆ ಇದೇ ಕ್ರಮದಲ್ಲಿ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರಿನ ಚಿತ್ರಕಾರರಿಗೆ ಅರಮನೆಯೇ ಆಶ್ರಯವಾಗಿತ್ತು.

ಈ ವ್ಯವಸ್ಥೆಯಲ್ಲಿ ಬಡತನವಿರಲಿಲ್ಲ, ಚೌಕಾಸಿ ಇರಲಿಲ್ಲ ಎಂದಲ್ಲ. ಆದರೆ ‘ನನ್ನ ಕೆಲಸ ಯಾರಿಗಾದರೂ ಬೇಕೇ?’ ಎಂಬ ಪ್ರಶ್ನೆಗೆ ಕೆಲಸ ಶುರುವಾಗುವ ಮೊದಲೇ ಉತ್ತರ ಸಿಕ್ಕಿರುತ್ತಿತ್ತು. ಇಂದಿನ ಕಲಾವಿದ ಮೊದಲು ಬರೆಯುತ್ತಾನೆ, ಆಮೇಲೆ ಕೊಳ್ಳುವವರನ್ನು ಹುಡುಕುತ್ತಾನೆ. ಯಾರೂ ಕೇಳದೆ ತನಗೆ ತೋಚಿದ್ದನ್ನು ಬರೆಯುವ ಸ್ವಾತಂತ್ರ್ಯ ಅವನಿಗೆ ಬಂದಿತು, ಅದರ ಬೆನ್ನಿಗೇ ಈ ಭಯವೂ ಬಂದಿತು. ಗ್ಯಾಲರಿಗಳು ಆ ಭಯಕ್ಕೆ ಒಂದು ತೆರೆ ಎಳೆದವು. ಅಲ್ಲಿ ಬೆಲೆ ಹೇಳುವವರು ಬೇರೆ, ಬರೆದವರು ಬೇರೆ. ಬಯಲು ಸಂತೆ ಆ ತೆರೆಯನ್ನು ತೆಗೆದುಹಾಕುತ್ತದೆ. ಕಮಿಷನ್ ಉಳಿಯುತ್ತದೆ, ಎದೆಗುದಿ ಕಲಾವಿದನ ಪಾಲಿಗೆ ಬರುತ್ತದೆ.

ಬೀದಿಗಿಳಿದ ದೊಡ್ಡವರು

ಮೊದಲು ಮಾಡಿ ಆಮೇಲೆ ಮಾರುವ ದಾರಿ ಹಿಡಿದವರಲ್ಲಿ ಜರ್ಮನಿಯ ಆಲ್‌ಬ್ರೆಕ್ಟ್ ಡ್ಯೂರರ್ ಪ್ರಸಿದ್ಧರು. ಮರದ ಅಚ್ಚು, ತಾಮ್ರದ ತಗಡುಗಳಿಂದ ಒಂದೇ ಚಿತ್ರದ ಹಲವಾರು ಪ್ರತಿ ತೆಗೆಯುವ ವಿದ್ಯೆ ಅವರಿಗೆ ಸಿದ್ಧಿಸಿತ್ತು. 1505ರಿಂದ 1507ರವರೆಗೆ ಅವರು ವೆನಿಸ್‌ನಲ್ಲಿದ್ದಾಗ ಫ್ರಾಂಕ್‌ಫರ್ಟ್ ಜಾತ್ರೆಯಲ್ಲಿ ಆ ಪ್ರತಿಗಳನ್ನು ಮಾರಿದವರು ಪತ್ನಿ ಆಗ್ನೆಸ್. 1520-21ರಲ್ಲಿ ನೆದರ್‌ಲ್ಯಾಂಡ್ಸ್ ಪ್ರವಾಸ ಮಾಡಿದಾಗ ಡ್ಯೂರರ್ ಯಾವ ಚಿತ್ರ ಮಾರಿದೆ, ಯಾವುದನ್ನು ಉಡುಗೊರೆ ಕೊಟ್ಟೆ, ಯಾವುದಕ್ಕೆ ಪ್ರತಿಯಾಗಿ ಏನು ಪಡೆದೆ ಎಂದು ದಿನಚರಿಯಲ್ಲಿ ಕಿರಾಣಿ ಅಂಗಡಿಯವರಂತೆ ಲೆಕ್ಕ ಬರೆದಿಟ್ಟರು. ಅಷ್ಟು ದೊಡ್ಡ ಕಲಾವಿದರಿಗೂ ಲೆಕ್ಕ ಅವಮಾನವಾಗಲಿಲ್ಲ.

ನಮ್ಮ ದೇಶದಲ್ಲಿ ಹತ್ತೊಂಬತ್ತನೆಯ ಶತಮಾನದ ಕಲ್ಕತ್ತೆಯ ಕಾಳಿಘಾಟ್ ಪಟುವರು ಇದೇ ಹಾದಿ ಹಿಡಿದರು. ಕಾಳಿ ದೇವಸ್ಥಾನಕ್ಕೆ ಬರುವ ಯಾತ್ರಿಕರಿಗಾಗಿ ಅಗ್ಗದ ಕಾಗದದ ಮೇಲೆ ಬೀಸು ಗೆರೆಗಳಲ್ಲಿ ಬೇಗಬೇಗ ಚಿತ್ರ ಬರೆದು ಕಾಸಿನ ಬೆಲೆಗೆ ಮಾರಿದರು. ಅಚ್ಚಿನ ಚಿತ್ರಗಳು ಬಂದು ಅವರ ವ್ಯಾಪಾರ ಕುಸಿಯಿತು, ಆದರೆ ಅವರ ಗೆರೆ ಇಂದು ಜಗತ್ತಿನ ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿದೆ.

ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತ ಕಲಾವಿದರನ್ನು ಬೀದಿಗೆ ತಂದಿತು. 1931ರಲ್ಲಿ ಜಾಕ್ಸನ್ ಪೊಲಾಕ್ ಬಾಡಿಗೆ ಕಟ್ಟಲು ಹಣವಿಲ್ಲದೆ ನ್ಯೂಯಾರ್ಕಿನ ವಾಷಿಂಗ್ಟನ್ ಸ್ಕ್ವೇರ್ ಬಳಿಯ ಪಾದಚಾರಿ ಮಾರ್ಗದಲ್ಲಿ ತಮ್ಮ ಚಿತ್ರಗಳನ್ನು ಇಟ್ಟರು, ಗೆಳೆಯರು ಜೊತೆಗೂಡಿದರು ಎಂಬುದು ಅಲ್ಲಿನ ಬಯಲು ಪ್ರದರ್ಶನದ ಮೂಲಕಥೆ. ಮುಂದೆ ಅವರ ಚಿತ್ರಗಳು ಕೋಟಿಗಟ್ಟಲೆ ಬೆಲೆ ಕಂಡವು. ಆ ದಿನ ಅವರಿಗೆ ಬೇಕಾಗಿದ್ದುದು ತಿಂಗಳ ಬಾಡಿಗೆ ಮಾತ್ರ.

ಕೂಲಿಯ ಊರು

ಚಿನ್ನದ ಗಣಿಯ ಮಕ್ಕಳಿಗೆ ಈ ಅಳುಕಿನ ಜೊತೆ ಇನ್ನೊಂದು ಭಾರವೂ ಸೇರಿದೆ. 1880ರಿಂದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿ ಗಣಿಗಾರಿಕೆಯ ಚುಕ್ಕಾಣಿ ಹಿಡಿಯಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂದಿತು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದ ಕಾರ್ಮಿಕರು ಒಂದು ಶತಮಾನಕ್ಕೂ ಮೀರಿದ ಅವಧಿಯಲ್ಲಿ ಸುಮಾರು 800 ಟನ್ ಚಿನ್ನ ತೆಗೆದುಕೊಟ್ಟರು. ಆ ಚಿನ್ನಕ್ಕೆ ಬೆಲೆ ಕಟ್ಟಿದವರು ಅದನ್ನು ತೆಗೆದವರಲ್ಲ. ಚಿನ್ನದ ಅದಿರಿನ ಚೂರು ಕಾರ್ಮಿಕನ ಬಳಿ ಸಿಕ್ಕರೂ ಅಪರಾಧವಾಗುತ್ತಿತ್ತು. ‘ಲೈನು’ಗಳ ಸಣ್ಣ ಮನೆಗಳಲ್ಲಿ ತಲೆಮಾರುಗಳು ಬೆಳೆದದ್ದು ಪಾಳಿಯ ಕೆಲಸ ಮತ್ತು ಕೂಲಿಯ ಲೆಕ್ಕದಲ್ಲಿ. ಕೂಲಿ ಹೆಚ್ಚಿಸಿ ಎಂದು ಸಂಘಟಿತರಾಗಿ ಕೇಳುವುದು ಅಲ್ಲಿನವರಿಗೆ ಗೊತ್ತಿತ್ತು. ‘ಇದು ನಾನು ಮಾಡಿದ್ದು, ಇದರ ಬೆಲೆ ಇಷ್ಟು’ ಎಂದು ಒಬ್ಬೊಬ್ಬರೇ ಹೇಳುವ ಸಂದರ್ಭ ಅವರ ದುಡಿಮೆಯಲ್ಲಿ ಬರಲೇ ಇಲ್ಲ.

1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ರಾಷ್ಟ್ರೀಕರಣ ಮಾಡಿತು. ಆಮೇಲೆ ಅವು ಕೇಂದ್ರದ ಕೈಗೆ ಹೋಗಿ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯಾಯಿತು. 2001ರ ಫೆಬ್ರುವರಿ 28ರಂದು ಬಾಗಿಲು ಮುಚ್ಚಿತು. ಕೂಲಿ ನಿಂತ ಊರಿನಲ್ಲಿ ಕೈಕಸುಬಿಗೆ ತಾನೇ ಬೆಲೆ ಕಟ್ಟುವುದು ಹವ್ಯಾಸದ ಮಾತಾಗಿ ಉಳಿಯುವುದಿಲ್ಲ, ಹೊಟ್ಟೆಪಾಡಿನ ಪ್ರಶ್ನೆಯೂ ಆಗುತ್ತದೆ.

ಇದಕ್ಕೆ ಪಕ್ಕದ ಬಂಗಾರಪೇಟೆಯಲ್ಲೇ ಒಂದು ಮಾದರಿ ಇದೆ. ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಅವರ ಹೆಸರಿನಲ್ಲಿ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಈ ಊರಿನ ಹೆಸರು ಇಂದು ಬೆಂಗಳೂರಿನ ಬೀದಿಗಳಲ್ಲಿ ಕಾಣುವುದು ಪಾನಿಪೂರಿಯಿಂದ. ತಿಳಿನೀರಿನಂತೆ ಕಂಡರೂ ನಾಲಿಗೆಗೆ ಚುರುಕು ಮುಟ್ಟಿಸುವ ಪಾನಿಯನ್ನು ಗಾಡಿಯವರು ಅಂಜಿಕೆಯಿಲ್ಲದೆ ಊರಿನ ಹೆಸರು ಹೇಳಿಯೇ ಮಾರುತ್ತಾರೆ.

ಬೋಣಿಯ ಬಲ

ಗಾಡಿಯವರ ಧೈರ್ಯದ ಗುಟ್ಟು ‘ಬೋಣಿ’ ಎಂಬ ಎರಡಕ್ಷರದಲ್ಲಿದೆ. ದಿನದ ಮೊದಲ ವ್ಯಾಪಾರಕ್ಕೆ ಕನ್ನಡ, ತೆಲುಗು, ತಮಿಳು ಮೂರರಲ್ಲೂ ಇದೇ ಹೆಸರು. ಮೂರೂ ಭಾಷೆ ಬೆರೆತ ಚಿನ್ನದ ಗಣಿಯಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮೊದಲ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಬಾರದು, ಬೇಕಾದರೆ ಒಂದಿಷ್ಟು ಬಿಟ್ಟುಕೊಡಬೇಕು, ಬಂದ ಹಣವನ್ನು ಕಣ್ಣಿಗೊತ್ತಿಕೊಳ್ಳಬೇಕು ಎಂಬುದು ರೂಢಿ. ಇದನ್ನು ಶಕುನ ಎಂದು ಕರೆದರೂ ಒಳಗಿರುವುದು ಅನುಭವದ ಜಾಣ್ಮೆ. ಮೊದಲ ವ್ಯಾಪಾರದಲ್ಲಿ ಲಾಭಕ್ಕಿಂತ ಮಾತು ಹೊರಡುವುದು ಮುಖ್ಯ. ಒಮ್ಮೆ ಬೆಲೆ ಹೇಳಿ ಹಣ ಪಡೆದ ಬಾಯಿಗೆ ಎರಡನೆಯ ಸಲ ಅಷ್ಟು ಕಷ್ಟವಾಗದು.

ಚಿತ್ರಸಂತೆಯಲ್ಲಿ ದೊಡ್ಡ ಕ್ಯಾನ್‌ವಾಸ್‌ಗಳ ಪಕ್ಕದಲ್ಲಿ ಅಂಚೆಕಾರ್ಡಿನಷ್ಟು ಚಿತ್ರಗಳನ್ನೂ ಹರಡಿಕೊಂಡವರು ಈ ಜಾಣ್ಮೆಯನ್ನೇ ಬಳಸುತ್ತಾರೆ. ಬೋಣಿ ಆಗುವುದು ಸಾಮಾನ್ಯವಾಗಿ ಆ ಸಣ್ಣ ಚಿತ್ರಗಳಿಂದ. ಸ್ಥಳದಲ್ಲೇ ಕುಳಿತು ಮುಖಚಿತ್ರ ಬರೆಯುವವರಿಗಂತೂ ಹೆದರಲು ಪುರುಸೊತ್ತೇ ಇಲ್ಲ. ಕೈ ಕೆಲಸದಲ್ಲಿದ್ದರೆ ಮನಸ್ಸು ಅದರ ಹಿಂದೆ ಹೋಗುತ್ತದೆ. ಅಲ್ಲದೆ ಅಲ್ಲಿ ಹಳೆಯ ಕ್ರಮವೇ ಮರಳಿದೆ, ಕೇಳಿದವರಿಗೆ ಮಾಡಿಕೊಡುವುದು.

ಬೆಲೆಯನ್ನು ಮನೆಯಲ್ಲೇ ಯೋಚಿಸಿ, ಬಣ್ಣ, ಚೌಕಟ್ಟು, ದಿನಗಳ ಲೆಕ್ಕ ಹಾಕಿ, ಚೀಟಿಯಲ್ಲಿ ಬರೆದು ಅಂಟಿಸುವುದು ಡ್ಯೂರರ್ ದಿನಚರಿ ಕಲಿಸುವ ಪಾಠ. ಆಗ ಚೀಟಿಯೇ ಮೊದಲು ಮಾತಾಡುತ್ತದೆ. ತಂಗಿಯನ್ನೋ ಗೆಳೆಯನನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳುವುದು ಆಗ್ನೆಸ್ ಅವರ ಪಾಠ. ತನ್ನ ಚಿತ್ರವನ್ನು ಹೊಗಳಲು ಸಂಕೋಚಪಡುವವರೂ ಪಕ್ಕದವರ ಚಿತ್ರವನ್ನು ಸಲೀಸಾಗಿ ಹೊಗಳಬಲ್ಲರು.

ಕೋವಿಡ್ ಕಾಲದ 2021ರಲ್ಲಿ ಚಿತ್ರಸಂತೆ ಆನ್‌ಲೈನ್‌ನಲ್ಲಿ ನಡೆಯಿತು. ಅಲ್ಲಿ ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲ. ಆದರೂ 2022ರಲ್ಲಿ ಸಂತೆ ರಸ್ತೆಗೆ ಮರಳಿತು, ಜನವೂ ಮರಳಿದರು. ಎದುರಾಎದುರು ಮಾತಿನಲ್ಲಿ ಸಿಗುವುದು ಬೇರೆಯೇ. ಊರಿಗಾಂನ ಸೈನೈಡ್ ದಿಬ್ಬವನ್ನೋ ತುಕ್ಕು ಹಿಡಿದ ಶಾಫ್ಟನ್ನೋ ಬರೆದು ತಂದವರನ್ನು ಜನ ‘ಎಷ್ಟು?’ ಎನ್ನುವ ಮೊದಲು ‘ಇದು ಎಲ್ಲಿ?’ ಎಂದು ಕೇಳುವುದುಂಟು. 2018 ಮತ್ತು 2022ರಲ್ಲಿ ಬಂದ ಸಿನಿಮಾಗಳಿಂದ ಆ ಊರಿನ ಹೆಸರು ದೇಶಕ್ಕೆಲ್ಲ ತಿಳಿದಿದೆ, ಊರು ತಿಳಿದಿಲ್ಲ. ದಿಬ್ಬ ಹೇಗೆ ಬೆಳೆಯಿತು, ಗಾಳಿ ಬೀಸಿದಾಗ ಅದರ ಧೂಳು ಯಾರ ಮನೆಗೆ ಬರುತ್ತದೆ ಎಂದು ಹೇಳಲು ಅಲ್ಲಿ ಹುಟ್ಟಿ ಬೆಳೆದವರಿಗೆ ಅಭ್ಯಾಸ ಬೇಕಾಗಿಲ್ಲ. ಹೇಳುತ್ತಾ ಹೋದಂತೆ ದನಿ ತಾನಾಗಿ ಗಟ್ಟಿಯಾಗುತ್ತದೆ. ಬೆಲೆಯ ಮಾತು ಬರುವ ಹೊತ್ತಿಗೆ ಚೀಟಿಯಲ್ಲಿ ಬರೆದ ಅಂಕಿಯನ್ನು ತಲೆ ಎತ್ತಿ ಓದಿ ಹೇಳಿದರೆ ಸಾಕು.