ಗಾಳಿಯ ಬೆನ್ನು ಹತ್ತಿದ ಪೆಟ್ರೋಲು

ಕಾರು ಹುಟ್ಟುವುದಕ್ಕೆ ಕಾಲು ಶತಮಾನ ಮೊದಲೇ ಅದರ ಸೂಪರ್‌ಚಾರ್ಜರ್ ಹುಟ್ಟಿತ್ತು. ಅಮೆರಿಕದ ಇಂಡಿಯಾನಾ ರಾಜ್ಯದ ಕಾನರ್ಸ್‌ವಿಲ್‌ನಲ್ಲಿ ಉಣ್ಣೆ ಗಿರಣಿ ಇಟ್ಟುಕೊಂಡಿದ್ದ ಫಿಲಾಂಡರ್ ರೂಟ್ಸ್ ಮತ್ತು ಫ್ರಾನ್ಸಿಸ್ ರೂಟ್ಸ್ ಸೋದರರು 1860ರಲ್ಲಿ ಒಂದು ಗಾಳಿಯಂತ್ರಕ್ಕೆ ಪೇಟೆಂಟ್ ಪಡೆದರು. ಎಂಟರ ಆಕಾರದ ಎರಡು ರೋಟರುಗಳು ಒಂದಕ್ಕೊಂದು ತಾಗದೆ ಎದುರುಬದುರು ತಿರುಗುತ್ತ, ಈ ಕಡೆಯ ಗಾಳಿಯನ್ನು ಆ ಕಡೆಗೆ ದೂಡುತ್ತಿದ್ದವು. ಕುಲುಮೆಗಳು ಅದನ್ನು ಕೊಂಡವು, ಗಣಿಗಳು ಕೊಂಡವು. ಮುಂದೆ ಮೋಟಾರು ಎಂಜಿನಿಯರುಗಳ ಕಣ್ಣಿಗೆ ಬಿದ್ದಾಗ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ, ಅಂದರೆ ಸೂಪರ್‌ಚಾರ್ಜರ್, ಸಿದ್ಧವಾಗಿಯೇ ಇತ್ತು.

ಸಿದ್ಧವಿಲ್ಲದ್ದು ಪೆಟ್ರೋಲಿನ ಏರ್ಪಾಡು. ಒಂದು ಕಿಲೋ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಸಿಲಿಂಡರಿಗೆ ಗಾಳಿಯನ್ನು ಒತ್ತಿ ತುಂಬಿದರೆ ಪೆಟ್ರೋಲೂ ಅದೇ ಲೆಕ್ಕದಲ್ಲಿ ಏರಬೇಕು; ಅಷ್ಟೇ ಸಾಲದು, ಲೆಕ್ಕಕ್ಕಿಂತ ಹೆಚ್ಚೇ ಏರಬೇಕು. ಒತ್ತಿದ ಗಾಳಿ ಕಾಯುತ್ತದೆ. ಆ ಕಾವಿಗೆ ಮಿಶ್ರಣ ಕಿಡಿ ಹಾಯಿಸಿದ ಜಾಗದಿಂದ ಶಿಸ್ತಾಗಿ ಉರಿಯುತ್ತ ಹೋಗುವ ಬದಲು ಮೂಲೆಯಲ್ಲಿ ತಾನೇ ಸಿಡಿಯುತ್ತದೆ. ಗ್ಯಾರೇಜಿನವರು ‘ನಾಕಿಂಗ್’ ಎನ್ನುವುದು ಇದನ್ನೇ. ಸೂಪರ್‌ಚಾರ್ಜರ್ ಕೂಡಿಸಿದ ಎಂಜಿನ್ನಿನಲ್ಲಿ ನಾಕಿಂಗ್ ಬರೀ ಸದ್ದಲ್ಲ. ಕೆಲವೇ ಸೆಕೆಂಡಿನಲ್ಲಿ ಪಿಸ್ಟನ್ನಿಗೆ ತೂತು ಬಿದ್ದೀತು. ಆದ್ದರಿಂದ ಒಂದಕ್ಕೆ ಹನ್ನೆರಡರ ಆಸುಪಾಸಿನಲ್ಲಿ ‘ರಿಚ್’ ಮಿಶ್ರಣ ಕೊಟ್ಟು, ಹೆಚ್ಚುವರಿ ಪೆಟ್ರೋಲು ಆವಿಯಾಗುವಾಗ ಹೀರುವ ಶಾಖದಿಂದಲೇ ಎಂಜಿನ್ನನ್ನು ತಂಪಾಗಿಡಬೇಕು. ಇಲ್ಲಿ ಇಂಧನ ಉರಿಯುವ ವಸ್ತುವೂ ಹೌದು, ತಣಿಸುವ ವಸ್ತುವೂ ಹೌದು. ಸೂಪರ್‌ಚಾರ್ಜರ್ ಕಾರುಗಳ ಕಥೆ ಹೇಳುವವರೆಲ್ಲ ಗಾಳಿಯ ಯಂತ್ರದ ಕಥೆಯನ್ನೇ ಹೇಳುತ್ತಾರೆ. ಆದರೆ ರೇಸುಗಳ ಸೋಲು ಗೆಲುವನ್ನು ಹೆಚ್ಚು ಸಲ ತೀರ್ಮಾನಿಸಿದ್ದು ಪೆಟ್ರೋಲಿನ ಕೊಳಾಯಿ ಕೆಲಸ.

ಮೊದಲ ಪ್ರಶ್ನೆ ಬಹಳ ಸರಳವಾಗಿತ್ತು: ಗಾಳಿಗೆ ಪೆಟ್ರೋಲು ಬೆರೆಸುವ ಕಾರ್ಬುರೇಟರನ್ನು ಗಾಳಿಯಂತ್ರದ ಮುಂದಿಡಬೇಕೋ, ಹಿಂದಿಡಬೇಕೋ? ಪೆನ್ಸಿಲ್ವೇನಿಯಾದ ಲೀ ಚಾಡ್ವಿಕ್ ತನ್ನ ಆರು ಸಿಲಿಂಡರಿನ ಕಾರಿಗೆ ಬ್ಲೋವರ್, ಅಂದರೆ ಗಾಳಿಯಂತ್ರ, ಕೂಡಿಸಿದ; 1908ರಲ್ಲಿ ಆ ಕಾರು ವಿಲ್ಕ್ಸ್-ಬ್ಯಾರಿಯ ಗುಡ್ಡ ಹತ್ತುವ ಪಂದ್ಯ ಗೆದ್ದಿತು. ಅವನು ಗಾಳಿಯನ್ನು ಕಾರ್ಬುರೇಟರಿನ ಮೂಲಕ ಊದಿದ. 1921ರ ಬರ್ಲಿನ್ ಪ್ರದರ್ಶನದಲ್ಲಿ ‘ಕಂಪ್ರೆಸರ್’ ಕಾರುಗಳನ್ನು ಮಾರಾಟಕ್ಕಿಟ್ಟ ಮರ್ಸಿಡಿಸ್ ಹಿಡಿದದ್ದೂ ಅದೇ ದಾರಿ. ಪೆಡಲನ್ನು ತಳಕ್ಕೆ ಒತ್ತಿದಾಗ ಮಾತ್ರ ಕ್ಲಚ್ ಕಚ್ಚಿಕೊಂಡು ಬ್ಲೋವರ್ ಕಿರುಚುತ್ತ ಎದ್ದೇಳುತ್ತಿತ್ತು. ಉಳಿದ ಹೊತ್ತು ಅದು ಸಾಮಾನ್ಯ ಕಾರೇ. ಮುಂದೆ ಫರ್ಡಿನಾಂಡ್ ಪೋರ್ಷೆ ರೂಪಿಸಿದ 7 ಲೀಟರಿನ ಎಸ್‌ಎಸ್‌ಕೆ ಕೂಡ ಇದೇ ಪದ್ಧತಿಯದು. ಆ ಕಿರುಚಾಟವನ್ನು ದೀರ್ಘಕಾಲ ಎಬ್ಬಿಸುವಂತಿರಲಿಲ್ಲ, ಓವರ್‌ಟೇಕ್ ಮಾಡುವಷ್ಟು ಹೊತ್ತು ಸಾಕು.

ಈ ಪದ್ಧತಿಯಲ್ಲಿ ಒಂದು ತೊಡಕಿದೆ. ಕಾರ್ಬುರೇಟರಿನ ಜೆಟ್ಟಿನಿಂದ ಪೆಟ್ರೋಲು ಹೊರಬರುವುದು ಪೆಟ್ರೋಲು ನಿಲ್ಲುವ ಫ್ಲೋಟ್ ಬಟ್ಟಲಿನ ಒತ್ತಡಕ್ಕಿಂತ ಗಾಳಿ ಹಾಯುವ ಕಂಠದ ಒತ್ತಡ ಕಡಿಮೆ ಇರುವುದರಿಂದ. ಕಂಠದೊಳಗೆ ಗಾಳಿಯನ್ನು ಒತ್ತಿ ಊದಿದರೆ ಪೆಟ್ರೋಲು ಮುಂದೆ ಬರುವುದಿರಲಿ, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತದೆ. ಹಾಗಾಗದಿರಲು ಫ್ಲೋಟ್ ಬಟ್ಟಲನ್ನೇ ಮುಚ್ಚಿ ಅದಕ್ಕೂ ಬ್ಲೋವರಿನ ಒತ್ತಡ ಕೊಡಬೇಕು. ಆ ಬಟ್ಟಲಿಗೆ ಪೆಟ್ರೋಲು ಇಳಿಯಬೇಕಾದರೆ ಟ್ಯಾಂಕಿನಿಂದ ಬರುವ ಒತ್ತಡ ಅದಕ್ಕಿಂತಲೂ ಹೆಚ್ಚಿರಬೇಕು. ಇಂದಿನ ಇಂಜೆಕ್ಷನ್ ಕಾರುಗಳಲ್ಲಿ ಬೂಸ್ಟಿನ, ಅಂದರೆ ಒತ್ತಿದ ಗಾಳಿಯ ಒತ್ತಡದ, ಜೊತೆಗೇ ಇಂಧನದ ಒತ್ತಡ ಏರಿಸುವ ರೆಗ್ಯುಲೇಟರ್ ಇರುತ್ತದಲ್ಲ, ಅದರ ತತ್ವ ನೂರು ವರ್ಷ ಹಳೆಯದು.

1923ರಲ್ಲಿ ಫಿಯಟ್ 805 ಸೂಪರ್‌ಚಾರ್ಜರ್ ಹೊತ್ತು ಗ್ರಾಂಡ್ ಪ್ರಿ ಕಣಕ್ಕಿಳಿಯಿತು. ಫ್ರಾನ್ಸಿನ ಟೂರ್‌ನಲ್ಲಿ ರಸ್ತೆಯ ಧೂಳು ಕಲ್ಲುಗಳನ್ನೆಲ್ಲ ಬ್ಲೋವರಿಗೆ ಎಳೆದುಕೊಂಡು ಕೆಟ್ಟು ನಿಂತಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮೊಂಜಾದಲ್ಲಿ ಕಾರ್ಲೊ ಸಲಮಾನೊ ಗೆದ್ದ. ಸೂಪರ್‌ಚಾರ್ಜರ್ ಕಾರು ಗೆದ್ದ ಮೊದಲ ಗ್ರಾಂಡ್ ಪ್ರಿ ಅದು. ಮರುವರ್ಷ ಇಂಗ್ಲೆಂಡಿನ ಸನ್‌ಬೀಮ್ ಕಂಪನಿಯವರು ವ್ಯವಸ್ಥೆಯನ್ನು ತಿರುವುಮುರುವು ಮಾಡಿದರು. ಕಾರ್ಬುರೇಟರ್ ಮೊದಲು, ಬ್ಲೋವರ್ ಆಮೇಲೆ. ಬ್ಲೋವರ್ ಪೆಟ್ರೋಲು ಬೆರೆತ ಗಾಳಿಯನ್ನೇ ಹೀರಿ ಎಂಜಿನ್ನಿಗೆ ತಳ್ಳಬೇಕು. ಹೀಗೆ ಮಾಡಿದರೆ ಫ್ಲೋಟ್ ಬಟ್ಟಲಿನ ಒತ್ತಡದ ರಗಳೆಯೇ ಇಲ್ಲ. ಪೆಟ್ರೋಲು ಬ್ಲೋವರಿನೊಳಗೇ ಆವಿಯಾಗಿ ಗಾಳಿಯನ್ನು ತಣಿಸುತ್ತದೆ. ತಣಿದ ಗಾಳಿ ಸಾಂದ್ರವಾಗಿ ಹೆಚ್ಚು ಹಿಡಿಸುತ್ತದೆ. ಅಪಾಯವೂ ಇತ್ತು: ಎಂಜಿನ್ ಒಮ್ಮೆ ಹಿಮ್ಮುಖವಾಗಿ ಕೆಮ್ಮಿತೆಂದರೆ ಬ್ಲೋವರಿನ ತುಂಬ ಇರುವ ಮಿಶ್ರಣವೇ ಹತ್ತಿಕೊಳ್ಳುತ್ತದೆ. ಒತ್ತಡ ಹೊರಬಿಡುವ ಸ್ಪ್ರಿಂಗ್ ಕವಾಟಗಳು ಅದಕ್ಕಾಗಿಯೇ ಬಂದವು.

ಬೆಂಟ್ಲಿಯ ಪ್ರಸಿದ್ಧ ‘ಬ್ಲೋವರ್’ ಕಾರಿನಲ್ಲಿ ಈ ಏರ್ಪಾಡು ಕಣ್ಣಿಗೇ ಕಾಣುತ್ತದೆ. ರೇಡಿಯೇಟರಿನ ಮುಂದೆ, ಬಂಪರಿನ ಜಾಗದಲ್ಲಿ, ಆಮ್ಹರ್ಸ್ಟ್ ವಿಲಿಯರ್ಸ್ ರೂಪಿಸಿದ ಸೂಪರ್‌ಚಾರ್ಜರ್. ಅದರ ಪಕ್ಕಕ್ಕೆ ಅಂಟಿಕೊಂಡಂತೆ ಎರಡು ಎಸ್‌ಯು ಕಾರ್ಬುರೇಟರ್. ರೇಸು ಚಾಲಕ ಟಿಮ್ ಬರ್ಕಿನ್‌ನ ಹಟ, ಡೊರೊಥಿ ಪ್ಯಾಜೆಟ್‌ರ ಹಣ ಸೇರಿ ಹುಟ್ಟಿದ ಕಾರದು. ಕಂಪನಿಯ ಯಜಮಾನ ಡಬ್ಲ್ಯು. ಒ. ಬೆಂಟ್ಲಿಗೆ ಸುತರಾಂ ಇಷ್ಟವಿರಲಿಲ್ಲ. ಶಕ್ತಿ ಬೇಕಿದ್ದರೆ ಎಂಜಿನ್ ದೊಡ್ಡದು ಮಾಡಿ ಎನ್ನುವುದು ಅವನ ವಾದ. 1930ರ ಲ ಮಾನ್ಸ್‌ನಲ್ಲಿ ಗೆದ್ದದ್ದೂ ಸೂಪರ್‌ಚಾರ್ಜರ್ ಇಲ್ಲದ ಅವನ ಸ್ಪೀಡ್ ಸಿಕ್ಸ್. ಬ್ಲೋವರ್‌ಗಳು ಕೆಟ್ಟು ನಿಂತವು. ಆದರೂ ಇಂದು ಹರಾಜಿನಲ್ಲಿ ಜನ ಮುಗಿಬೀಳುವುದು ಸೋತ ಕಾರಿಗೇ.

ಇಷ್ಟರಲ್ಲಿ ಟ್ಯಾಂಕಿನೊಳಗಿನ ದ್ರವವೂ ಬದಲಾಗುತ್ತಿತ್ತು. 1921ರ ಡಿಸೆಂಬರ್ 9ರಂದು ಜನರಲ್ ಮೋಟರ್ಸ್‌ನ ಥಾಮಸ್ ಮಿಡ್ಗ್ಲಿ ಟೆಟ್ರಾಈಥೈಲ್ ಸೀಸವನ್ನು ತುಸುವೇ ಬೆರೆಸಿದರೆ ನಾಕಿಂಗ್ ನಿಲ್ಲುತ್ತದೆಂದು ಕಂಡುಕೊಂಡ. 1923ರ ಫೆಬ್ರವರಿಯಲ್ಲಿ ಸೀಸದ ಪೆಟ್ರೋಲು ಮಾರಾಟಕ್ಕೆ ಬಂತು. ಮರುವರ್ಷ ನ್ಯೂಜೆರ್ಸಿಯ ಕಾರ್ಖಾನೆಯಲ್ಲಿ ಅದೇ ಸೀಸದ ವಿಷಕ್ಕೆ ಕೂಲಿಗಳು ಹುಚ್ಚೆದ್ದು ಸತ್ತರೂ ವ್ಯಾಪಾರ ನಿಲ್ಲಲಿಲ್ಲ. ಭಾರತದ ಬಂಕುಗಳಿಂದ ಅದು ಪೂರ್ತಿ ತೊಲಗಿದ್ದು 2000ದಲ್ಲಿ.

ರೇಸಿನವರು ಹಿಡಿದದ್ದು ಇನ್ನೊಂದು ದಾರಿ: ಮದ್ಯಸಾರ. ಒಂದು ಕಿಲೋ ಮೆಥನಾಲಿಗೆ 6.4 ಕಿಲೋ ಗಾಳಿ ಸಾಕು. ಅಂದರೆ ಅಷ್ಟೇ ಗಾಳಿಗೆ ಪೆಟ್ರೋಲಿನ ಎರಡು ಪಟ್ಟಿಗೂ ಹೆಚ್ಚು ಇಂಧನ ಸುರಿಯಬೇಕು. ಆವಿಯಾಗುವಾಗ ಅದು ಪೆಟ್ರೋಲಿನ ಸುಮಾರು ಮೂರು ಪಟ್ಟು ಶಾಖ ಹೀರುತ್ತದೆ. ಎರಡೂ ಸೇರಿ ಎಂಜಿನ್ನಿನೊಳಗೆ ಚಳಿಗಾಲವನ್ನೇ ಇಳಿಸಿದಂತೆ. 1937ರ ಮರ್ಸಿಡಿಸ್ ಡಬ್ಲ್ಯು 125 ಸುಮಾರು 600 ಅಶ್ವಶಕ್ತಿ ಕೊಟ್ಟದ್ದು ಮೆಥನಾಲ್ ಪ್ರಧಾನವಾದ ಇಂಧನದಿಂದ. ಹದಿನಾರು ವರ್ಷ ಕಾರ್ಬುರೇಟರಿನೊಳಗೆ ಗಾಳಿ ಊದುತ್ತಲೇ ಬಂದಿದ್ದ ಮರ್ಸಿಡಿಸ್ ಕೂಡ ಆ ವರ್ಷದ ನಡುವೆ ಸೋಲೊಪ್ಪಿಕೊಂಡು ಸನ್‌ಬೀಮ್ ಪದ್ಧತಿಗೆ ತಿರುಗಿತು.

ಎರಡನೇ ಮಹಾಯುದ್ಧ ಬಂದಾಗ ಇದೇ ಜಗಳ ಆಕಾಶಕ್ಕೇರಿತು. ಜರ್ಮನಿಯ ವಿಮಾನ ಎಂಜಿನ್ನುಗಳಿಗೆ ಪೆಟ್ರೋಲನ್ನು ಸಿಲಿಂಡರಿಗೇ ಚಿಮ್ಮಿಸುವ ಬಾಷ್ ಕಂಪನಿಯ ನೇರ ಇಂಜೆಕ್ಷನ್ ಇತ್ತು. ಸ್ಪಿಟ್‌ಫೈರ್‌ನ ಮರ್ಲಿನ್ ಎಂಜಿನ್ನಿಗೆ ಕಾರ್ಬುರೇಟರೇ ಗತಿ. ರೋಲ್ಸ್-ರಾಯ್ಸ್‌ನವರು ಅದನ್ನು ಬೇಕೆಂದೇ ಉಳಿಸಿಕೊಂಡಿದ್ದರು; ಸೂಪರ್‌ಚಾರ್ಜರಿಗೆ ಮೊದಲೇ ಪೆಟ್ರೋಲು ಆವಿಯಾದರೆ ಗಾಳಿಯ ಉಷ್ಣತೆ ಸುಮಾರು 25 ಡಿಗ್ರಿ ಇಳಿಯುತ್ತಿತ್ತು. ಆದರೆ ಪೈಲಟ್ ಮೂತಿ ಕೆಳಗೆ ಮಾಡಿ ಥಟ್ಟನೆ ಧುಮುಕಿದರೆ ಫ್ಲೋಟ್ ಮೇಲೆಕೆಳಗಾಗಿ ಎಂಜಿನ್ ಮೊದಲು ಬಿಕ್ಕುತ್ತಿತ್ತು, ಆಮೇಲೆ ಪೆಟ್ರೋಲು ನುಗ್ಗಿ ಉಸಿರುಕಟ್ಟುತ್ತಿತ್ತು. ಬ್ರೂಕ್‌ಲ್ಯಾಂಡ್ಸ್‌ನಲ್ಲಿ ನಾರ್ಟನ್ ಬೈಕ್ ಓಡಿಸಿ ಗಂಟೆಗೆ 106 ಮೈಲಿಯ ಸುತ್ತು ಹಾಕಿದ್ದ ಎಂಜಿನಿಯರ್ ಬಿಯಾಟ್ರಿಸ್ ಶಿಲಿಂಗ್ 1941ರಲ್ಲಿ ಇದಕ್ಕೆ ಮದ್ದು ಕಂಡುಹಿಡಿದರು. ಎಂಜಿನ್ ಕುಡಿಯಬಲ್ಲಷ್ಟೇ ಪೆಟ್ರೋಲು ಹಾದುಹೋಗುವಂತೆ ಅಳೆದು ತೂತು ಕೊರೆದ ಒಂದು ಹಿತ್ತಾಳೆ ಬಿಲ್ಲೆ, ಅಷ್ಟೇ. ಅದನ್ನು ಕೂಡಿಸಲು ಆಕೆ ಬೈಕಿನಲ್ಲೇ ವಿಮಾನನೆಲೆಗಳನ್ನು ಸುತ್ತಿದರು.

ಯುದ್ಧಾನಂತರದ ಗ್ರಾಂಡ್ ಪ್ರಿ ನಿಯಮ ಎರಡು ಬಗೆಯ ಎಂಜಿನ್ನುಗಳಿಗೆ ಅವಕಾಶ ಕೊಟ್ಟಿತು: ಸೂಪರ್‌ಚಾರ್ಜರ್ ಇದ್ದರೆ 1.5 ಲೀಟರ್, ಇಲ್ಲದಿದ್ದರೆ 4.5 ಲೀಟರ್. ಸೂಪರ್‌ಚಾರ್ಜರ್ ಇದ್ದ ಆಲ್ಫಾ ರೋಮಿಯೊ 158ಕ್ಕೆ ಎದುರೇ ಇರಲಿಲ್ಲ. 1950ರ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ತಾನು ಇಳಿದ ಆರಕ್ಕೆ ಆರು ರೇಸನ್ನೂ ಅದು ಗೆದ್ದಿತು. ಮರುವರ್ಷದ 159 ಮಾದರಿಯಲ್ಲಿ ಆ ಪುಟ್ಟ ಎಂಜಿನ್ ನಾನ್ನೂರಕ್ಕೂ ಮಿಕ್ಕಿ ಅಶ್ವಶಕ್ತಿ ಕೊಡುತ್ತಿತ್ತು. ಬೆಲೆ? ಲೀಟರಿಗೆ ಸುಮಾರು ಅರ್ಧ ಕಿಲೋಮೀಟರ್ ಓಟ. ಒಳಗೆ ಹೋದ ಮೆಥನಾಲಿನಲ್ಲಿ ಒಂದು ಪಾಲು ಪಿಸ್ಟನ್ನುಗಳನ್ನು ತಣಿಸುವುದಕ್ಕೇ ಖರ್ಚಾಗುತ್ತಿತ್ತು. ಸಿಕ್ಕಿದ ಸಂದಿಯಲ್ಲೆಲ್ಲ ಹೆಚ್ಚುವರಿ ಟ್ಯಾಂಕು ಕೂಡಿಸಿದರು. ಟ್ಯಾಂಕು ಹೆಚ್ಚಿದಂತೆ ಭಾರ, ಭಾರ ಹೆಚ್ಚಿದಂತೆ ಟೈರಿನ ಸವೆತ.

ಫೆರಾರಿಯ ಔರೆಲಿಯೊ ಲಂಪ್ರೆಡಿ ಲೆಕ್ಕ ಹಾಕಿದ್ದು ಇಲ್ಲೇ. ಶಕ್ತಿ ತುಸು ಕಡಿಮೆಯಾದರೂ ಪರವಾಗಿಲ್ಲ, ಕಡಿಮೆ ಕುಡಿಯುವ ದೊಡ್ಡ ಎಂಜಿನ್ ಕಟ್ಟೋಣ. 1951ರ ಜುಲೈ 14ರಂದು ಸಿಲ್ವರ್‌ಸ್ಟೋನ್‌ನಲ್ಲಿ ಸೂಪರ್‌ಚಾರ್ಜರ್ ಇಲ್ಲದ ಫೆರಾರಿ 375ರಲ್ಲಿ ಹೊಸೆ ಫ್ರೊಯ್ಲಾನ್ ಗೊನ್ಸಾಲೆಸ್, ಆಲ್ಫಾದ ಫಾಂಗಿಯೊನನ್ನು ಹಿಂದೆ ಹಾಕಿದ. ಆ ವರ್ಷದ ಪದವಿ ಫಾಂಗಿಯೊಗೇ ಸಿಕ್ಕಿದರೂ ಆಲ್ಫಾ ಋತು ಮುಗಿದ ಮೇಲೆ ಕಣದಿಂದ ಹೊರನಡೆಯಿತು. ಆ ಪುಟ್ಟ ಎಂಜಿನ್ನಿಗೆ ಶಕ್ತಿ ಕಡಿಮೆಯಾಗಿರಲಿಲ್ಲ, ಬಾಯಾರಿಕೆ ಹೆಚ್ಚಾಗಿತ್ತು.

ಅದೇ 1951ರಲ್ಲಿ ಬೆಂಗಳೂರಿನಲ್ಲಿ ಬಾಷ್ ಸಹಯೋಗದ ಮೈಕೋ ಆರಂಭವಾಯಿತು. ಆಡುಗೋಡಿಯ ಆ ಕಾರ್ಖಾನೆ ಕೈಹಾಕಿದ್ದು ಸ್ಪಾರ್ಕ್ ಪ್ಲಗ್ಗಿಗೆ, ಡೀಸೆಲ್ ಇಂಜೆಕ್ಷನ್ ಪಂಪಿಗೆ. ರೇಸು ಕಾರಿಗೂ ಅದಕ್ಕೂ ನೇರ ನಂಟಿಲ್ಲ. ಆದರೆ ಇಂಧನವನ್ನು ಹನಿ ಲೆಕ್ಕದಲ್ಲಿ ಅಳೆದು ಚಿಮ್ಮಿಸುವ ಅದೇ ಕಸುಬು ಲಾರಿ, ಟ್ರ್ಯಾಕ್ಟರುಗಳ ಮೂಲಕ ಕನ್ನಡನಾಡಿನ ವರ್ಕ್‌ಷಾಪುಗಳಿಗೆ ಬಂದದ್ದು ಹಾಗೆ.

ಯುರೋಪು ಕೈಬಿಟ್ಟದ್ದನ್ನು ಕ್ಯಾಲಿಫೋರ್ನಿಯಾದ ಹುಡುಗರು ಎತ್ತಿಕೊಂಡರು. ಜನರಲ್ ಮೋಟರ್ಸ್‌ನ ಟೂ-ಸ್ಟ್ರೋಕ್ ಡೀಸೆಲ್ ಎಂಜಿನ್ನುಗಳಲ್ಲಿ ಹೊಗೆ ಹೊರದೂಡಲು ಇದ್ದ ರೂಟ್ಸ್ ಬ್ಲೋವರನ್ನು ಗುಜರಿಯಿಂದ ಕಿತ್ತು ತಂದು ಫೋರ್ಡ್ ವಿ-8ರ ನೆತ್ತಿಗೆ ಕೂಡಿಸಿದರು. 1948ರಲ್ಲಿ ಒಣಕೆರೆಯ ಬಯಲಿನಲ್ಲಿ ಗಂಟೆಗೆ 150 ಮೈಲಿ ದಾಟಿದ ಸ್ಟುವರ್ಟ್ ಹಿಲ್‌ಬಾರ್ನ್ ತಾನೇ ತಯಾರಿಸಿದ ಯಾಂತ್ರಿಕ ಇಂಜೆಕ್ಷನ್ನನ್ನು ಮಾರಲು ಶುರುಮಾಡಿದ. ಎಂಜಿನ್ ತಿರುಗಿದಷ್ಟೂ ಪಂಪು ತಿರುಗುತ್ತದೆ. ಹೆಚ್ಚಾದದ್ದು ಬೈಪಾಸ್ ಜೆಟ್ಟಿನ ಮೂಲಕ ಟ್ಯಾಂಕಿಗೆ ವಾಪಸ್. ಸೆಟ್ಟಿಂಗ್ ಅಂದರೆ ಆ ಜೆಟ್ಟಿನ ತೂತನ್ನು ಕೂದಲೆಳೆಯಷ್ಟು ಹಿರಿದೋ ಕಿರಿದೋ ಮಾಡುವುದು. ಆಮೇಲೆ ಒಂದು ಓಟ, ಎಂಜಿನ್ ಥಟ್ಟನೆ ಆಫ್, ಪ್ಲಗ್ ಬಿಚ್ಚಿ ಪಿಂಗಾಣಿಯ ಬಣ್ಣ ನೋಡುವುದು. ಬೆಳ್ಳಗೆ ಬೆಂದಿದ್ದರೆ ಲೀನ್ (ಇಂಧನ ಕಡಿಮೆ), ಮಸಿ ಹಿಡಿದಿದ್ದರೆ ರಿಚ್, ಪಿಂಗಾಣಿಯ ಮೇಲೆ ಅಲ್ಯೂಮಿನಿಯಂ ಚುಕ್ಕೆ ಕಂಡರೆ ಪಿಸ್ಟನ್ ಕರಗಲು ಶುರು.

1967ರಲ್ಲಿ ಬಾಷ್‌ನ ಎಲೆಕ್ಟ್ರಾನಿಕ್ ಇಂಜೆಕ್ಷನ್ ಫೋಕ್ಸ್‌ವ್ಯಾಗನ್‌ಗೆ ಬಂತು, 1976ರಲ್ಲಿ ಹೊಗೆಯ ಆಮ್ಲಜನಕ ಅಳೆಯುವ ಸೆನ್ಸರ್ ವೋಲ್ವೊಗೆ ಬಂತು. ಮುಂದೆ ಇಂಥ ಕಾರುಗಳಿಗೆ ಸೂಪರ್‌ಚಾರ್ಜರ್ ಕಿಟ್ ಮಾರಿದವರು ಒಂದು ಅಡ್ಡದಾರಿ ಹಿಡಿದರು. ಕಂಪ್ಯೂಟರನ್ನು ಮುಟ್ಟದೆ, ಬೂಸ್ಟ್ ಒಂದು ಪೌಂಡ್ ಏರಿದರೆ ಇಂಧನದ ಒತ್ತಡವನ್ನು ಹತ್ತು ಹನ್ನೆರಡು ಪೌಂಡ್ ಏರಿಸುವ ರೆಗ್ಯುಲೇಟರ್ ಕೂಡಿಸಿಬಿಟ್ಟರು. ಒತ್ತಡ ನಾಲ್ಕು ಪಟ್ಟಾದರೂ ಹರಿವು ಹೆಚ್ಚುವುದು ಎರಡೇ ಪಟ್ಟು. ಅಷ್ಟರಲ್ಲಿ ಪಂಪು ಸುಸ್ತಾಗಿರುತ್ತದೆ. ಅದು ತೇಪೆ ಕೆಲಸವೇ.

ಈಗಿನವರ ಲೆಕ್ಕ ಬೇರೆ. ಸೂಪರ್‌ಚಾರ್ಜರ್ ಇರುವ ಎಂಜಿನ್ನಿಗೆ ಗಂಟೆಗೆ ಪ್ರತಿ ಅಶ್ವಶಕ್ತಿಗೆ ಸುಮಾರು 270 ಗ್ರಾಂ ಪೆಟ್ರೋಲು ಬೇಕು. 500 ಅಶ್ವಶಕ್ತಿಗೆ 135 ಕಿಲೋ. ಎಂಟು ಇಂಜೆಕ್ಟರಿಗೆ ಹಂಚಿ, ಯಾವುದೂ ಶೇಕಡ 85ಕ್ಕಿಂತ ಹೆಚ್ಚು ಹೊತ್ತು ತೆರೆದಿರದಂತೆ ನೋಡಿಕೊಂಡರೆ, ಒಂದೊಂದೂ ನಿಮಿಷಕ್ಕೆ 450 ಸಿಸಿ ಚಿಮ್ಮಿಸಬೇಕು. ಆಮೇಲೆ ಪಂಪು, ಪೈಪಿನ ಗಾತ್ರ, ಪಂಪಿಗೆ ಹೋಗುವ ವೈರು ಕೂಡ. ವೋಲ್ಟೇಜ್ ಇಳಿದರೆ ಹರಿವೂ ಇಳಿಯುತ್ತದೆ. ಡಾಡ್ಜ್ ತನ್ನ 707 ಅಶ್ವಶಕ್ತಿಯ ಹೆಲ್‌ಕ್ಯಾಟ್ ಬಿಟ್ಟಾಗ, ಪೂರ್ತಿ ಥ್ರಾಟಲ್‌ನಲ್ಲಿ ಟ್ಯಾಂಕು ಸುಮಾರು 13 ನಿಮಿಷದಲ್ಲಿ ಬರಿದಾಗುತ್ತದೆಂದು ತಾನೇ ಹೇಳಿಕೊಂಡಿತು. ಅಮೆರಿಕದ ಟ್ಯೂನರುಗಳು ಶೇಕಡ 85ರವರೆಗೆ ಎಥನಾಲ್ ಇರುವ ಇಂಧನಕ್ಕೆ ಮುಗಿಬೀಳುತ್ತಿದ್ದಾರೆ: ಮದ್ಯಸಾರದ ತಂಪು, ನಾಕಿಂಗ್ ಇಲ್ಲ. ಆದರೆ ಮೂರನೇ ಒಂದರಷ್ಟು ಹೆಚ್ಚು ಸುರಿಯಬೇಕು. 450 ಸಿಸಿಯ ಇಂಜೆಕ್ಟರ್ ತೆಗೆದು 600 ಸಿಸಿಯದನ್ನು ಹಾಕಬೇಕು, ಪಂಪು ಒಂದಿದ್ದಲ್ಲಿ ಎರಡು ಮಾಡಬೇಕು.