ಕುದುರೆಯ ರಕ್ತ, ಕುರಿಯ ಬೆದೆ: ಭ್ರೂಣೋತ್ಪಾದನೆಯಲ್ಲಿ ಹಾರ್ಮೋನುಗಳ ಚರಿತ್ರೆ

1930ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹೆರಾಲ್ಡ್ ಕೋಲ್ ಮತ್ತು ಜಾರ್ಜ್ ಹಾರ್ಟ್ ಗಬ್ಬದ ಕುದುರೆಯ ರಕ್ತಸಾರವನ್ನು ಎಳೆಯ ಹೆಣ್ಣಿಲಿಗಳಿಗೆ ಚುಚ್ಚಿದರು. ಪ್ರಾಯಕ್ಕೆ ಬಾರದ ಇಲಿಗಳ ಅಂಡಾಶಯಗಳು ಅಕಾಲದಲ್ಲಿ ಬಲಿತವು. ಮುಂದೆ ಕುರಿಗಳಿಗೆ ಧಾರಾಳವಾಗಿ ಬಳಕೆಯಾದ ಪಿಎಂಎಸ್‌ಜಿ ಹಾರ್ಮೋನಿನ ಮೂಲ ಇದು.

ಕುರಿಯ ಋತುಚಕ್ರ ಸುಮಾರು 17 ದಿನದ್ದು. ಬೆದೆ ನಿಲ್ಲುವುದು ಒಂದೆರಡು ದಿನ ಮಾತ್ರ. ಶೀತದೇಶದ ತಳಿಗಳು ಹಗಲು ಕಿರಿದಾಗುವ ಕಾಲಕ್ಕಷ್ಟೇ ಬೆದೆಗೆ ಬರುತ್ತವೆ. ಭ್ರೂಣ ಕೊಡುವ ಕುರಿ, ಅದನ್ನು ಹೊರುವ ಕುರಿ ಎರಡೂ ಹೆಚ್ಚುಕಡಿಮೆ ಒಂದೇ ದಿನ ಬೆದೆಗೆ ಬಾರದಿದ್ದರೆ ಭ್ರೂಣ ವರ್ಗಾವಣೆ ಕೈಗೂಡದು. ದಿನವೂ ಪ್ರೊಜೆಸ್ಟರಾನ್ ಚುಚ್ಚಿ ಬೆದೆಯನ್ನು ತಡೆಹಿಡಿಯಬಹುದೆಂದು 1948ರಲ್ಲಿ ಡಟ್ ಮತ್ತು ಕ್ಯಾಸಿಡಾ ತೋರಿಸಿದರು. ನಿಜ, ಆದರೆ ಸಾವಿರ ಕುರಿಯ ಮಂದೆಗೆ ದಿನಾ ಸೂಜಿ ಹಿಡಿದು ನಿಲ್ಲುವವರು ಯಾರು?

ಸಿಡ್ನಿ ವಿಶ್ವವಿದ್ಯಾಲಯದ ಟಿ. ಜೆ. ರಾಬಿನ್ಸನ್ 1960ರ ದಶಕದಲ್ಲಿ ಕೊಟ್ಟ ಉತ್ತರ ಒಂದು ಸ್ಪಂಜಿನ ತುಂಡು. ಪ್ರೊಜೆಸ್ಟರಾನನ್ನು ಹೋಲುವ ಔಷಧ ಹೀರಿದ ಸ್ಪಂಜನ್ನು ಕೊಳವೆಯ ಮೂಲಕ ಯೋನಿಯೊಳಗೆ ಸೇರಿಸುತ್ತಾರೆ; ಅದರ ದಾರ ಹೊರಗೆ ಇಳಿಬಿದ್ದಿರುತ್ತದೆ. 12–14 ದಿನ ಕಳೆದು ದಾರ ಎಳೆದರೆ ಸ್ಪಂಜಿನ ಹಿಂದೆಯೇ ನಾರುವ ದ್ರವ ಸುರಿಯುತ್ತದೆ. ಆಗಲೇ ಪಿಎಂಎಸ್‌ಜಿ ಚುಚ್ಚುಮದ್ದು. ಒಂದೆರಡು ದಿನದಲ್ಲಿ ಮಂದೆಯ ಬಹುಪಾಲು ಕುರಿಗಳು ಟಗರಿಗೆ ನಿಲ್ಲುತ್ತವೆ. ಈ ಚರಿತ್ರೆಯಲ್ಲಿ ತದ್ರೂಪಿ ಕುರಿ ಡಾಲಿಗಿಂತ ದೊಡ್ಡ ಘಟನೆ ಈ ಸ್ಪಂಜು ಎಂಬುದು ನನ್ನ ಅಭಿಪ್ರಾಯ.

ಅದು ತಂದ ತೊಡಕನ್ನು ಕಂಡುಕೊಂಡದ್ದೂ ರಾಬಿನ್ಸನ್ ಬಳಗವೇ. ಸ್ಪಂಜು ತೆಗೆದ ನಂತರದ ಬೆದೆಯಲ್ಲಿ ವೀರ್ಯಾಣುಗಳು ಗರ್ಭಕಂಠ ದಾಟುವುದು ಕಷ್ಟ. ಕುರಿಯ ಗರ್ಭಕಂಠ ಮೊದಲೇ ಅಂಕುಡೊಂಕು. ಹೆಪ್ಪುಗಟ್ಟಿಸಿಟ್ಟ ವೀರ್ಯಕ್ಕಂತೂ ದಾರಿ ಇನ್ನೂ ದುರ್ಗಮ. 1982ರಲ್ಲಿ ಕಿಲೀನ್ ಮತ್ತು ಕ್ಯಾಫ್ರಿ ಆ ದಾರಿಯನ್ನೇ ಬಿಟ್ಟು, ಲ್ಯಾಪರೋಸ್ಕೋಪ್ ನೆರವಿನಿಂದ ಹೊಟ್ಟೆಯ ಮೂಲಕ ನೇರ ಗರ್ಭಕೋಶಕ್ಕೆ ವೀರ್ಯ ತಲುಪಿಸುವ ವಿಧಾನ ಪ್ರಕಟಿಸಿದರು.

ಸಮಯ ಹೀಗೆ ಹತೋಟಿಗೆ ಬಂತು. ಸಂಖ್ಯೆ ಬರಲಿಲ್ಲ. ಹೆಚ್ಚು ಅಂಡಗಳಿಗಾಗಿ ಪಿಎಂಎಸ್‌ಜಿ ಪ್ರಮಾಣ ಏರಿಸಿದರೆ, ರಕ್ತದಲ್ಲಿ ದಿನಗಟ್ಟಲೆ ಉಳಿಯುವ ಅದು ಅಂಡ ಬಿಡುಗಡೆಯಾದ ಮೇಲೂ ಅಂಡಾಶಯವನ್ನು ಕೆರಳಿಸುತ್ತಲೇ ಇರುತ್ತದೆ, ಭ್ರೂಣಗಳು ಕೆಡುತ್ತವೆ. ಹಂದಿಯ ಪಿಟ್ಯುಟರಿಯಿಂದ ತೆಗೆದ ಎಫ್‌ಎಸ್‌ಎಚ್ ಎಂಬ ಹಾರ್ಮೋನು ಬೇಗ ಕರಗಿಹೋಗುವುದರಿಂದ ಮೂರು ನಾಲ್ಕು ದಿನ, ದಿನಕ್ಕೆರಡು ಸಲದಂತೆ ಚುಚ್ಚಬೇಕು. ಫಲಿತಾಂಶ ಉತ್ತಮವೇ. ಆದರೂ ಒಂದೇ ತಳಿ, ಒಂದೇ ವಯಸ್ಸು, ಒಂದೇ ಮೇವಿನ ಎರಡು ಕುರಿಗಳಲ್ಲಿ ಒಂದು ಹತ್ತಾರು ಭ್ರೂಣ ಕೊಟ್ಟರೆ ಇನ್ನೊಂದು ಒಂದನ್ನೂ ಕೊಡದಿರಬಹುದು. ಚುಚ್ಚುವ ದಿನ ಅಂಡಾಶಯದಲ್ಲಿ ಎಷ್ಟು ಸಣ್ಣ ಕೋಶಕಗಳು ಸಿದ್ಧವಾಗಿವೆ ಎಂಬುದೇ ಬಹುಮಟ್ಟಿಗೆ ಇದನ್ನು ನಿರ್ಧರಿಸುತ್ತದೆ. ಅದು ಸಿರಿಂಜಿನ ಮಾತು ಕೇಳುವುದಿಲ್ಲ.

ಸೂಜಿಯಿಲ್ಲದೆಯೇ ಹೆಚ್ಚು ಅಂಡ ಬಿಡುವ ಕುರಿಯೂ ಉಂಟು: ಬಂಗಾಳದ ಗರೋಲ್. ಗಿಡ್ಡ ದೇಹ, ಅವಳಿ ತ್ರಿವಳಿ ಮರಿ. ಆಸ್ಟ್ರೇಲಿಯಾದ ಬೂರೂಲಾ ಮೆರಿನೊ ಕುರಿಯಲ್ಲಿ ಮೊದಲು ಗುರುತಿಸಿದ ಫೆಕ್‌ಬಿ ವಂಶವಾಹಿ ಇದರಲ್ಲೂ ಇದೆ. ಮಹಾರಾಷ್ಟ್ರದ ಫಲ್ಟಣದಲ್ಲಿರುವ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆ ಅದನ್ನು ದಖನಿ ಕುರಿಗೆ ಸೇರಿಸಿ ನಾರಿ ಸುವರ್ಣ ತಳಿಯನ್ನು ರೂಪಿಸಿತು. ಆ ತಳಿ ಈಗ ಕರ್ನಾಟಕದ ಕುರಿಗಾರರ ರೊಪ್ಪಗಳಿಗೂ ಬಂದಿದೆ.