ಅಪ್ಪಣೆಯಿಲ್ಲದ ಒಕ್ಕೂಟ

ಹರಿದು ಹಂಚಿಹೋಗಿದ್ದ ಕನ್ನಡ ನಾಡು 1956ರ ನವೆಂಬರ್ 1ರಂದು ಒಂದಾಯಿತು. ಅದಾಗಿ ಎಂಟು ತಿಂಗಳು ತುಂಬುವ ಮೊದಲೇ, 1957ರ ಜೂನ್ 25ರಂದು, ಅಮೆರಿಕದ ಓಹಾಯೋ ಸಂಸ್ಥಾನದ ಕ್ಲೀವ್‌ಲೆಂಡ್ ನಗರದಲ್ಲಿ ಇನ್ನೊಂದು ಏಕೀಕರಣ ನಡೆಯಿತು. ಎರಡು ಪ್ರಾಟೆಸ್ಟಂಟ್ ಪಂಗಡಗಳು ಕೂಡಿ ‘ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್’ ಎಂಬ ಒಂದೇ ಪಂಗಡವಾದವು. ಅದಕ್ಕೂ ನಮಗೂ ಏನು ಸಂಬಂಧವೆಂದು ಬಂಧುಗಳು ಕೇಳಬಹುದು. ಊರು ಬಿಟ್ಟು ಮುಂಬಯಿಗೆ ಬಂದು, ಬಡಾವಣೆಗೊಂದು ಸಂಘ ಕಟ್ಟಿಕೊಂಡು, ವರ್ಷವರ್ಷವೂ ರಾಜ್ಯೋತ್ಸವದ ವೇದಿಕೆಯಿಂದ ‘ನಾವೆಲ್ಲ ಒಂದಾಗಬೇಕು’ ಎಂದು ಹೇಳಿಕೊಳ್ಳುವವರು ನಾವು. ಒಂದಾಗುವುದು ಹೇಗೆ, ಒಂದಾದ ಮೇಲೆ ಯಾರ ಮಾತು ನಡೆಯಬೇಕು ಎಂಬ ಪ್ರಶ್ನೆಯನ್ನು ಆ ಜನ ಬಿಡಿಸಿಕೊಂಡ ಬಗೆ ನಾವೂ ತಿಳಿಯತಕ್ಕದ್ದು.

ಕೂಡಿದ ಪಂಗಡಗಳು ಎರಡಾದರೂ ಅವುಗಳಲ್ಲಿ ಬಂದು ಸೇರಿದ್ದ ಹೊಳೆಗಳು ನಾಲ್ಕು. ಮೊದಲನೆಯವರು ಕಾಂಗ್ರಿಗೇಷನಲಿಸ್ಟರು. ಇಂಗ್ಲೆಂಡಿನಲ್ಲಿ ಬಿಷಪ್ಪರ ಆಳಿಕೆಯನ್ನು ಒಪ್ಪದೆ 1620ರಲ್ಲಿ ಕಡಲು ದಾಟಿ ಪ್ಲಿಮತ್‌ನಲ್ಲಿ ನೆಲಸಿದವರೂ, ಅವರ ಬೆನ್ನಿಗೇ ಬಂದ ಪ್ಯೂರಿಟನ್ನರೂ ಇವರ ಪೂರ್ವಿಕರು. ಒಂದೂರಿನ ಭಕ್ತರು ತಾವೇ ಕೂಡಿ ಒಡಂಬಡಿಕೆ ಮಾಡಿಕೊಂಡರೆ ಅದೇ ಪೂರ್ಣವಾದ ಸಭೆ, ಅದಕ್ಕೆ ಕ್ರಿಸ್ತನಲ್ಲದೆ ಬೇರೊಬ್ಬ ಒಡೆಯನಿಲ್ಲವೆಂಬುದು ಇವರ ನಿಲುವು. ಎರಡನೆಯವರು ಪಂಗಡಗಳ ಹೆಸರುಗಳನ್ನೆಲ್ಲ ಬಿಟ್ಟು ತಮ್ಮನ್ನು ಬರಿಯ ‘ಕ್ರಿಶ್ಚಿಯನ್’ ಎಂದು ಕರೆದುಕೊಂಡವರು. ಇವರಿಬ್ಬರೂ 1931ರಲ್ಲಿ ಒಂದಾದರು. ಮೂರನೆಯದೂ ನಾಲ್ಕನೆಯದೂ ಜರ್ಮನಿಯಿಂದ ವಲಸೆ ಬಂದವರ ರಿಫಾರ್ಮ್ಡ್ ಮತ್ತು ಇವ್ಯಾಂಜೆಲಿಕಲ್ ಸಭೆಗಳು; ಅವು 1934ರಲ್ಲಿ ಕೂಡಿದ್ದವು.

ಈ ಹೊಳೆಗಳ ನೀರು ನಮ್ಮ ಕಡೆಗೂ ಹರಿದದ್ದುಂಟು. 1813ರಲ್ಲಿ ಮುಂಬಯಿಗೆ ಬಂದಿಳಿದ ಅಮೆರಿಕನ್ ಮಿಶನರಿಗಳಾದ ಗಾರ್ಡನ್ ಹಾಲ್, ಸ್ಯಾಮ್ಯುಯಲ್ ನಾಟ್ ಇಬ್ಬರೂ ಕಾಂಗ್ರಿಗೇಷನಲಿಸ್ಟರು. ಇನ್ನು ಜರ್ಮನರ ಮಾತು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ತನ್ನ ಜನರನ್ನು ಕಳುಹಿಸಿತು. 1843ರ ‘ಮಂಗಳೂರು ಸಮಾಚಾರ’, 1894ರ ಕಿಟ್ಟೆಲರ ನಿಘಂಟು, ನಮ್ಮ ಅಜ್ಜಂದಿರ ಮನೆಯ ಮೇಲಿನ ಮಂಗಳೂರು ಹೆಂಚು, ಎಲ್ಲಕ್ಕೂ ಅಲ್ಲಿಂದಲೇ ನಾಂದಿ. ಅದೇ ದಶಕದಲ್ಲಿ ಅದೇ ಬಾಸೆಲಿನಿಂದ ಹೊರಟ ಬೇರೆ ಪಾದ್ರಿಗಳು ಅಮೆರಿಕದ ಮಿಸೌರಿ ಸೀಮೆಗೆ ಹೋಗಿ, ಪರದೇಶದಲ್ಲಿ ದಿಕ್ಕಿಲ್ಲದಿದ್ದ ಜರ್ಮನ್ ವಲಸೆಗಾರರನ್ನು ಕಲೆಹಾಕಿದರು. 1840ರಲ್ಲಿ ಸೇಂಟ್ ಲೂಯಿಸ್ ಬಳಿಯ ಹಳ್ಳಿಯೊಂದರಲ್ಲಿ ಆರು ಮಂದಿ ಪಾದ್ರಿಗಳು ಕಟ್ಟಿದ ಸಂಘವೇ ಆ ನಾಲ್ಕನೆಯ ಹೊಳೆಯ ಮೂಲ.

ನಂಬಿಕೆಯ ವಿಷಯದಲ್ಲಿ ಈ ಪಂಗಡವನ್ನು ಉದಾರವಾದಿ ಎನ್ನುವುದು ವಾಡಿಕೆ. ಹಾಗೆಂದು ಹಳೆಯದನ್ನೆಲ್ಲ ಬಿಟ್ಟವರಲ್ಲ. ಕ್ರಿಸ್ತನೊಬ್ಬನೇ ಸಭೆಯ ಶಿರಸ್ಸು. ದೀಕ್ಷಾಸ್ನಾನ, ಪ್ರಭುಭೋಜನ ಎಂಬ ಎರಡೇ ಸಂಸ್ಕಾರಗಳು. ಪುರಾತನ ವಿಶ್ವಾಸಪ್ರಮಾಣಗಳಿಗೂ ಮತಸುಧಾರಕರ ಬೋಧನೆಗೂ ಗೌರವ. ಆದರೆ ಪ್ರತಿಯೊಂದು ತಲೆಮಾರೂ ಆ ನಂಬಿಕೆಯನ್ನು ತನ್ನದಾಗಿ ಮಾಡಿಕೊಳ್ಳಬೇಕೆಂದು ಅವರ ಸಂವಿಧಾನವೇ ಹೇಳುತ್ತದೆ. 1959ರಲ್ಲಿ ಒಂದು ವಿಶ್ವಾಸವಾಕ್ಯವನ್ನು ಅಂಗೀಕರಿಸಿದರು. ಅದು ಸಾಕ್ಷಿ ಹೇಳುವುದಕ್ಕೆ ಮಾತ್ರ, ಯಾರನ್ನೂ ಪರೀಕ್ಷೆ ಮಾಡಿ ಹೊರಗಿಡುವುದಕ್ಕಲ್ಲ.

1961ರಲ್ಲಿ ಜಾರಿಗೆ ಬಂದ ಆ ಸಂವಿಧಾನದ ರಚನೆ ಕುತೂಹಲಕರವಾದುದು. ಬುಡದಲ್ಲಿ ಊರಿನ ಸಭೆ. ತನ್ನ ಪಾದ್ರಿಯನ್ನು ಅದೇ ಮತ ಹಾಕಿ ಆರಿಸಿಕೊಳ್ಳುತ್ತದೆ. ಕಟ್ಟಡ ಅದರದೇ, ಹಣ ಅದರದೇ, ಆಯವ್ಯಯ ಅದರದೇ. ಸುತ್ತಲಿನ ಸಭೆಗಳು ಸೇರಿದರೆ ಅಸೋಸಿಯೇಶನ್. ಪಾದ್ರಿಗೆ ದೀಕ್ಷೆ ಕೊಡುವುದು, ಅವನ ನಡತೆಯನ್ನು ವಿಚಾರಿಸುವುದು ಅದರ ಕೆಲಸ. ವಿಶಾಲ ಪ್ರದೇಶಕ್ಕೆ ಕಾನ್ಫರೆನ್ಸ್, ದೇಶಕ್ಕೆಲ್ಲ ಎರಡು ವರ್ಷಕ್ಕೊಮ್ಮೆ ಕೂಡುವ ಜನರಲ್ ಸಿನಡ್. ಆದರೆ ಸಿನಡ್ಡಿನ ನಿರ್ಣಯ ಊರಿನ ಸಭೆಗೆ ಆಜ್ಞೆಯಲ್ಲ. ಸಿನಡ್ಡು ಸಭೆಗಳೊಡನೆ ಮಾತನಾಡುತ್ತದೆ, ಸಭೆಗಳ ಪರವಾಗಿ ಮಾತನಾಡುವುದಿಲ್ಲ. ಹಾಗಾದರೆ ಇವರನ್ನು ಕಟ್ಟಿಹಾಕುವ ಹಗ್ಗ ಯಾವುದು? ಒಡಂಬಡಿಕೆ. ನಿನ್ನ ಮಾತನ್ನು ಶ್ರದ್ಧೆಯಿಂದ ಕೇಳುತ್ತೇನೆ, ಕೇಳಿದ ಮೇಲೆ ನಾನೇ ತೀರ್ಮಾನಿಸುತ್ತೇನೆ ಎಂಬ ಕರಾರು.

ಈ ಕರಾರು ಸುಲಭವಾಗಿ ಆಗಲಿಲ್ಲ. 1949ರಲ್ಲಿ ಬ್ರೂಕ್ಲಿನ್ನಿನ ಕ್ಯಾಡ್‌ಮನ್ ಮೆಮೋರಿಯಲ್ ಸಭೆಯವರು ನ್ಯಾಯಾಲಯದ ಮೆಟ್ಟಿಲೇರಿದರು. ಸ್ವತಂತ್ರ ಸಭೆಗಳನ್ನು ಇನ್ನೊಂದರೊಡನೆ ಕೂಡಿಸಲು ಮೇಲಿನ ಮಂಡಳಿಗೆ ಅಧಿಕಾರ ಕೊಟ್ಟವರು ಯಾರು ಎಂಬುದು ಅವರ ವಾದ. 1950ರಲ್ಲಿ ಅವರು ಗೆದ್ದರು. ಮೇಲಿನ ನ್ಯಾಯಾಲಯಗಳು 1952ರಲ್ಲಿಯೂ 1953ರಲ್ಲಿಯೂ ಆ ತೀರ್ಪನ್ನು ನಿಲ್ಲಗೊಡಲಿಲ್ಲ. ಒಪ್ಪದ ಕೆಲವು ಸಭೆಗಳು 1955ರಲ್ಲಿ ಬೇರೆ ಕೂಟ ಕಟ್ಟಿಕೊಂಡು ಹೊರಗೇ ಉಳಿದವು. ಬ್ಯಾಂಕಿನಲ್ಲಿ ಲೆಕ್ಕ ಬರೆಯುವ ನಮ್ಮಂಥವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಎರಡು ಸಂಸ್ಥೆಗಳು ಕೂಡುವಾಗ ಬಾಯಲ್ಲಿ ತತ್ತ್ವವಿದ್ದರೂ ಮನಸ್ಸು ಠೇವಣಿಯ ಮೇಲೆಯೂ ಇರುತ್ತದೆ.

ಅಪ್ಪಣೆಯಿಲ್ಲದ ಈ ಪದ್ಧತಿಯ ಫಲವೂ ಉಂಟು, ಬೆಲೆಯೂ ಉಂಟು. ಎಲ್ಲರೂ ಒಪ್ಪುವ ತನಕ ಕಾಯಬೇಕಾಗಿಲ್ಲದ ಕಾರಣ ಧೈರ್ಯವಿದ್ದವರು ಮೊದಲು ಹೆಜ್ಜೆಯಿಟ್ಟರು. 1785ರಷ್ಟು ಹಿಂದೆಯೇ ಕಾಂಗ್ರಿಗೇಷನಲಿಸ್ಟರು ಆಫ್ರಿಕನ್ ಮೂಲದ ಲೆಮ್ಯುಯಲ್ ಹೇನ್ಸರಿಗೆ ದೀಕ್ಷೆ ಕೊಟ್ಟರು. ಅವರು ವರ್ಮಾಂಟ್ ಸಂಸ್ಥಾನದಲ್ಲಿ ಬಿಳಿಯರ ಸಭೆಯೊಂದಕ್ಕೆ ಮೂವತ್ತು ವರ್ಷ ಪಾದ್ರಿಯಾಗಿದ್ದರು. 1853ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಸೌತ್ ಬಟ್ಲರ್ ಎಂಬ ಹಳ್ಳಿಯ ಸಭೆ ಆಂಟಾಯ್ನೆಟ್ ಬ್ರೌನ್ ಎಂಬ ತರುಣಿಯನ್ನು ಪಾದ್ರಿಯಾಗಿ ಮಾಡಿತು. 1972ರಲ್ಲಿ ಕ್ಯಾಲಿಫೋರ್ನಿಯದ ಒಂದು ಅಸೋಸಿಯೇಶನ್, ತಾನು ಸಲಿಂಗಪ್ರೇಮಿಯೆಂದು ಬಹಿರಂಗವಾಗಿ ಹೇಳಿಕೊಂಡ ವಿಲಿಯಂ ಜಾನ್ಸನ್ನರಿಗೆ ದೀಕ್ಷೆ ನೀಡಿತು. ಅದೇ ಸ್ವಾತಂತ್ರ್ಯ ಹಿಂದೆ ಉಳಿಯಬೇಕೆಂದವರಿಗೂ ಆಸರೆಯಾಯಿತು. ಒಂದು ಹಳ್ಳಿ ಹೆಂಗಸನ್ನು ವೇದಿಕೆಗೆ ಏರಿಸಿದರೆ ಇನ್ನೆಷ್ಟೋ ಊರುಗಳು ದಶಕಗಳ ಕಾಲ ಏರಿಸಲಿಲ್ಲ. ಏರಿಸಿರೆಂದು ಹೇಳುವ ಹಕ್ಕು ಯಾರಿಗೂ ಇರಲಿಲ್ಲ. 2005ರಲ್ಲಿ ಸಿನಡ್ಡು ಸಲಿಂಗ ವಿವಾಹದ ಸಮಾನ ಹಕ್ಕನ್ನು ಬೆಂಬಲಿಸಿದಾಗ ಆ ನಿರ್ಣಯ ಯಾರನ್ನೂ ಕಟ್ಟಿಹಾಕಲಿಲ್ಲ. ಆದರೂ ಹಲವು ಸಭೆಗಳು ತಮ್ಮ ಕಟ್ಟಡದೊಂದಿಗೆ ಎದ್ದು ಹೋದವು. ಆರಂಭದಲ್ಲಿ ಸುಮಾರು 20 ಲಕ್ಷವಿದ್ದ ಸದಸ್ಯರು ಇಂದು 8 ಲಕ್ಷಕ್ಕಿಂತ ಕಡಿಮೆ. ಅಲ್ಲಿಯ ಇತರ ಹಳೆಯ ಪ್ರಾಟೆಸ್ಟಂಟ್ ಪಂಗಡಗಳೂ ಹೀಗೆಯೇ ಇಳಿದಿರುವುದರಿಂದ ತಪ್ಪನ್ನೆಲ್ಲ ಈ ಪದ್ಧತಿಯ ಮೇಲೆ ಹೊರಿಸುವುದು ನ್ಯಾಯವಲ್ಲ.

ನಮ್ಮ ಸಂಘಗಳ ಮಾತಿಗೆ ಬರೋಣ. ಧಾರವಾಡದ ಕಡೆಯವರದೊಂದು, ಕರಾವಳಿಯವರದೊಂದು, ಹಳೆಯ ಮೈಸೂರಿನವರದೊಂದು ಎಂದು ನಾವು ಬೇರೆಬೇರೆ ಕುಳಿತಿರುವುದಕ್ಕೆ ಭಾಷೆಯ ಮೇಲಿನ ಪ್ರೀತಿ ಸಾಲದೆಂಬುದು ಕಾರಣವಲ್ಲ. ಬೆವರು ಸುರಿಸಿ ಕೂಡಿಟ್ಟ ಕಟ್ಟಡ ನಿಧಿ ಯಾರ ಕೈ ಸೇರುತ್ತದೆ, ನಮ್ಮ ಊರಿನ ಹಬ್ಬಕ್ಕೆ ಅಲ್ಲಿ ಜಾಗವಿದ್ದೀತೆ ಎಂಬ ಅಂಜಿಕೆ ಕಾರಣ. ಆ ಅಂಜಿಕೆಯನ್ನು ಭಾಷಣದಿಂದ ಕಳೆಯಲಾಗದು. ನಿಧಿ ನಿಮ್ಮಲ್ಲಿಯೇ ಇರಲಿ, ಹಬ್ಬ ನಿಮ್ಮದೇ ಇರಲಿ, ಮಕ್ಕಳ ಕನ್ನಡ ತರಗತಿಯೊಂದನ್ನು ಎಲ್ಲರೂ ಕೂಡಿ ನಡೆಸೋಣ ಎಂದು ಬರೆದುಕೊಟ್ಟರೆ ಎಷ್ಟು ಸಂಘಗಳು ಸಹಿ ಹಾಕುತ್ತವೆ? ಬರುವ ವಾರ್ಷಿಕ ಸಭೆಯಲ್ಲಿ ಇದನ್ನೊಮ್ಮೆ ಕೇಳಿನೋಡೋಣ. ಸಹಿ ಹಾಕಿದವರು ನಾಳೆ ಬಿಟ್ಟು ಹೋಗಲೂಬಹುದು. ಆ ಬಾಗಿಲನ್ನು ತೆರೆದಿಟ್ಟೇ ಕ್ಲೀವ್‌ಲೆಂಡಿನಲ್ಲಿ ಅವರು ಒಂದಾದರು.